ಹೊತ್ತಿರುವಾಗಲೇ ಊಟ

ಶಿಬಿರ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸು, ನಾನು ಬೆಳಗಾವಿಯಲ್ಲಿ ಬಿ.ಎ. ಓದುತ್ತಿದ್ದೆ. ಖಾನಾಪುರದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮೂರು ದಿನದ ಯುವ ನಾಯಕತ್ವ ಶಿಬಿರ ಏರ್ಪಾಡಾಗಿತ್ತು. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನದ ಮೇಲೆ ವಿವಿಧತೆಯಲ್ಲಿ ಏಕತೆಯ ಬಗ್ಗೆ ಭಾಷಣ. ಭಾಷಣ ಮಾಡುವವರು ಬಹಳ ಮಂದಿ, ಬುಟ್ಟಿ ಹೊರುವವರು ಮಾತ್ರ ನಾವು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಬೆಳಗಾವಿಯಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ, ಮಹಾಂತೇಶ ನಗರದಲ್ಲಿ ನಮ್ಮ ಬಾಜು ಮನೆಯ ಅಜ್ಜಿ ಬಿಸಿಲು ಇರುವಾಗಲೇ “ಊಟ ಆತೇನವಾ?” ಎಂದು ನಮ್ಮನ್ನು ವಿಚಾರಿಸುತ್ತಿದ್ದಳು. ಆದರೂ ಹೊರಡುವ ದಿನ ಅವ್ವ ಬಸ್ ಸ್ಟ್ಯಾಂಡಿಗೆ ಬಂದು, ಶಿಬಿರದ ಮುಖ್ಯಸ್ಥರಾಗಿದ್ದ ನಮ್ಮ ಕಾಲೇಜಿನ ಸರ್ ಎದುರು ನಿಂತಳು.

“ಸರ್, ಇಕಿಗೆ ಹೊತ್ತು ಇರೂದ್ರಾಗ ಉಣ್ಣಾಕ ಕೊಡ್ರಿ. ಮುಳುಗಿತಂದ್ರ ಮುಂಜಾನಿ ತನಕ ಉಪಾಸ ಇರ್ತಾಳ.”

“ಅಕ್ಕಾರ, ಚಿಂತಿ ಬಿಡ್ರಿ. ನಮ್ಮ ಶಿಬಿರ ಇರೂದ ಇಂಥಾದ್ದಕ್ಕ!” ಅಂದರು ಸರ್.

ಮೊದಲ ದಿನ ಉದ್ಘಾಟನೆಯ ಅತಿಥಿಗಳ ಜೀಪು ಲೋಂಡಾ ಕಡೆಯಿಂದ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತೇ ಆಗಿತ್ತು. ಅವರು ದೀಪ ಬೆಳಗಿದರು, ನನ್ನ ಹೊಟ್ಟೆಗೆ ತಣ್ಣೀರು ಬಟ್ಟೆ. ಎರಡನೆಯ ದಿನ ಕೆರೆಯ ಹೂಳು ಹೊತ್ತು ಕತ್ತು ಬಿದ್ದುಹೋಗಿತ್ತು. ಸಂಜೆ ‘ಪರರ ಆಚಾರಕ್ಕೆ ಗೌರವ’ ಎಂಬ ಚರ್ಚೆಯನ್ನು ಎಳೆದದ್ದೇ ಎಳೆದದ್ದು. ನಡುವೆ ಎದ್ದು ಹೋಗಿ ಸರ್ ಕಿವಿಯಲ್ಲಿ ಹೇಳಿದರೆ, “ಸ್ವಲ್ಪ ತಡಿ ತಂಗಿ, ನಿಮ್ಮದ ವಿಷಯ ನಡದೈತಿ” ಅಂದರು. ಮುಗಿದಾಗ ಹೊರಗೆ ಕತ್ತಲು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ; ನನಗೆ ಆ ಬದನೆಕಾಯಿಯೂ ಸಿಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸಿಟ್ಟು ತಡೆಯದೆ ಮತ್ತೆ ಹೋಗಿ ಕೇಳಿದೆ. ಸರ್‌ಗೆ ಬಹಳ ಸಂತೋಷವಾಯಿತು. “ಇವತ್ತ ಸಂಜಿಗೆ ನೀನ ನಿಮ್ಮ ಪದ್ಧತಿ ಬಗ್ಗೆ ಎಲ್ಲಾರಿಗೂ ತಿಳಿಸಿ ಹೇಳು. ಎಷ್ಟ ಚೊಲೋ ಆಕ್ಕೈತಿ!” ಅಂದವರೇ, ಕಾರ್ಯಕ್ರಮ ಕಳೆಗಟ್ಟಲೆಂದು ನನ್ನನ್ನು ಎಲ್ಲರಿಗಿಂತ ಕೊನೆಗೆ ಇಟ್ಟರು.

ಸರದಿ ಬಂದಾಗ ಸೂರ್ಯ ಶಾಲೆಯ ಹಿಂದಿನ ಗುಡ್ಡಕ್ಕೆ ತಾಗಿದ್ದ. ಮೈಕು ಹಿಡಿದೆ. “ನಮ್ಮ ಪದ್ಧತಿ ಏನಂದ್ರ, ಹೊತ್ತು ಮುಳುಗೂದ್ರಾಗ ಉಣ್ಣೂದು. ಈಗ ಮುಳುಗಾಕತ್ತೈತಿ. ನಾ ಉಣ್ಣಾಕ ಹೊಂಟೀನಿ.” ಮೈಕನ್ನು ಮೇಜಿನ ಮೇಲೆ ಕುಕ್ಕಿ ನೆಟ್ಟಗೆ ನಡೆದೆ. ಇಡೀ ಶಿಬಿರದಲ್ಲಿ ಯಾರಾದರೂ ತೋರಿಸಿದ ನಾಯಕತ್ವ ಅದೊಂದೇ ಎಂದು ನನ್ನ ಅಭಿಪ್ರಾಯ.

ಶಾಲೆಯ ಹಿಂದಿನ ಚಪ್ಪರದಲ್ಲಿ ಅಡುಗೆ. ಅಡುಗೆಯಾಕೆ ಅದೇ ಊರಿನವಳು, ಮನೆಮಾತು ಮರಾಠಿ; ನಾವೆಲ್ಲ ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಅನ್ನುತ್ತಿದ್ದೆವು. ಏನನ್ನೂ ಕೇಳದೆ ಬಿಸಿ ಭಾಕರಿ, ಪಲ್ಯ ತಾಟಿಗೆ ಹಾಕಿಕೊಟ್ಟಳು. ಕಟ್ಟೆಯ ಮೇಲೆ ಕೂತು ತುತ್ತು ಮುರಿದೆ. ಅಷ್ಟರಲ್ಲಿ ಹಿಂದಿನಿಂದ ಚಪ್ಪಾಳೆ! ಸರ್ ಇಡೀ ಶಿಬಿರವನ್ನೇ ಎಬ್ಬಿಸಿಕೊಂಡು ಬಂದಿದ್ದರು.

“ನೋಡ್ರಿ, ಇದಕ್ಕ ಅಂತಾರ ಪ್ರಾತ್ಯಕ್ಷಿಕೆ! ಎಲ್ಲಾರೂ ಸುತ್ತ ನಿಂದರ್ರಿ. ಫೋಟೋದವ್ರ, ಬರ್ರಿ ಮುಂದ.”

ಫೋಟೋದವನು ಮೊಣಕಾಲೂರಿ ಕೂತ. “ಮೇಡಂ, ತುತ್ತು ಬಾಯಿ ಮುಂದ ಹಂಗ ಹಿಡೀರಿ. ಅರೇ, ರೀಲ್ ಮುಗೀತು. ಅಳ್ಳಾಡಬ್ಯಾಡ್ರಿ, ಹೊಸಾದು ಹಾಕ್ತೀನಿ.”

ಹತ್ತೊಂಬತ್ತರ ಹುಡುಗಿ, ಎದುರಿಗೆ ಗುರುಗಳು, ಸುತ್ತಲೂ ಅಷ್ಟೊಂದು ಕಣ್ಣು. ತುತ್ತು ಬಾಯಿಗೆ ಹಾಕಿಕೊಳ್ಳಲು ನಾಚಿಕೆ, ಕೆಳಗಿಡಲು ಹಸಿವು ಬಿಡದು.

ಮಾವಶಿಗೆ ನೋಡಲಾಗಲಿಲ್ಲ. “ಅಹೋ, ಪೋರೀಲಾ ಜೇವೂ ದ್ಯಾ ಕೀ!” ಎಂದು ರೇಗಿದಳು. ಹುಡುಗಿಗೆ ಉಣ್ಣಲು ಬಿಡಿ ಎಂದು.

ಸರ್ ಮುಖ ಅರಳಿತು. “ಕೇಳಿದ್ರಿಲ್ಲ? ಅವರು ಮರಾಠಿಯೊಳಗ ಹೇಳಿದ್ರು, ನಮಗೆಲ್ಲಾ ತಿಳೀತು! ಇದ ನೋಡ್ರಿ ಭಾಷಾ ಸೌಹಾರ್ದ!”

ಮತ್ತೆ ಚಪ್ಪಾಳೆ. ಫೋಟೋದವನು ರೀಲು ಹಾಕಿ, ಕ್ಯಾಮೆರಾ ಮುಚ್ಚಿ, ಒಂದಲ್ಲ ಎರಡು ಸಲ ಕ್ಲಿಕ್ಕಿಸಿದ. “ಹಾಂ, ಈಗ ಉಣ್ರಿ.”

ಗುಡ್ಡದ ಕಡೆ ನೋಡಿದೆ. ಸೂರ್ಯ ಇರಲಿಲ್ಲ. ತುತ್ತನ್ನು ತಾಟಿನಲ್ಲಿಟ್ಟು ಎದ್ದು ಕೈ ತೊಳೆದುಕೊಂಡೆ.

“ಯಾಕ ತಂಗಿ,” ಎಂದು ಸರ್ ನಿಜವಾದ ಕಾಳಜಿಯಿಂದಲೇ ಕೇಳಿದರು, “ಊಟ ಸೇರಲಿಲ್ಲೇನು?”