ರಬ್ಬರ್ ಹುಳುವಿನ ಎರಡು ತೂತು

ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತು ವರ್ಷದಿಂದ ಬೀಗ ಬಿಚ್ಚಿ, ಕೀಲಿಕೈಗೆ ಅರ ಹಾಕಿ ಬದುಕಿದವನು. ಇಡೀ ದಿನ ಕಳ್ಳನ ತಲೆಯಿಂದಲೇ ಯೋಚಿಸಬೇಕಾದ ಕಸುಬು. ಹಾಗಾಗಿ ಹಾಲಿನವನು ಬಾಗಿಲಲ್ಲಿ ಒಂದು ನಿಮಿಷ ಹೆಚ್ಚು ನಿಂತರೂ ಅವನ ಹುಬ್ಬು ಮೇಲೇರುತ್ತಿತ್ತು. ಲೋಕದಲ್ಲಿ ಅವನು ಕಣ್ಣು ಮುಚ್ಚಿ ನಂಬಿದ್ದು ಎರಡನ್ನೇ: ಒಂದು ತನ್ನ ಕೈ, ಇನ್ನೊಂದು ತನ್ನ ಬಾಮೈದ.

ಬಾಮೈದ ಅಂದರೆ ಹೆಂಡತಿಯ ತಮ್ಮ, ಬಸ್ ಡ್ರೈವರ್. ಹದಿನೆಂಟು ವರ್ಷದಿಂದ ಭಾನುವಾರ ಬೆಳಿಗ್ಗೆ ಇಬ್ಬರೂ ಊರಾಚೆಯ ಕೆರೆಯಲ್ಲಿ ಬಾಸ್ ಮೀನಿಗೆ ಗಾಳ ಹಾಕುತ್ತಿದ್ದರು. ಈ ಮೀನು ಜೊಂಡಿನ ಸಂದಿಯಲ್ಲಿ ಅಡಗಿ ಕೂರುವ ಜಾತಿ. ಬರಿಯ ಗಾಳ ಎಸೆದರೆ ಜೊಂಡೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಮೆತ್ತನೆಯ ರಬ್ಬರ್ ಹುಳುವಿನ ಮೈಯೊಳಗೆ ಮೊನೆಯನ್ನು ಬಚ್ಚಿಡಬೇಕು. ಹುಳುವಿನ ತಲೆಯ ನಟ್ಟನಡುವೆ ಚುಚ್ಚಿ, ಕತ್ತಿನ ಕೆಳಗೆ ಹೊರತೆಗೆದು, ಗಾಳವನ್ನು ತಿರುಗಿಸಿ, ಹೊಟ್ಟೆಗೆ ಮತ್ತೆ ಚುಚ್ಚಿ, ಮೊನೆ ಬೆನ್ನಿನ ಚರ್ಮದಡಿಯಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು. ಕೂದಲೆಳೆಯಷ್ಟು ವಾರೆಯಾದರೂ ಹುಳು ನೀರಿನಲ್ಲಿ ಗಿರಗಿರ ಸುತ್ತುತ್ತದೆ, ಮೀನು ಮೂಸಿಯೂ ನೋಡುವುದಿಲ್ಲ. ಇದರಲ್ಲಿ ಬೀಗದಣ್ಣನದು ಎತ್ತಿದ ಕೈ. ಶನಿವಾರ ಸಂಜೆ ಅಂಗಡಿಯ ಬೆಂಚಿನ ಮೇಲೆ ಹತ್ತು ಹುಳು ಪೋಣಿಸಿ, ಡಬ್ಬಿಯಲ್ಲಿ ಜೋಡಿಸಿಟ್ಟು ಸ್ನಾನಕ್ಕೆ ಹೋಗುತ್ತಿದ್ದ.

ಒಂದು ಭಾನುವಾರ ದಡದಲ್ಲಿ ಕೂತು, ಗಾಳಕ್ಕೆ ತುಕ್ಕು ಹಿಡಿದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದ. ಹುಳುವಿನ ತಲೆಯಲ್ಲಿ ಎರಡು ತೂತು. ಒಂದು ನಟ್ಟನಡುವೆ, ಗಾಳ ಕೂತಿರುವುದು. ಇನ್ನೊಂದು ಪಕ್ಕಕ್ಕೆ ವಾರೆಯಾಗಿ, ಅರೆಮುಚ್ಚಿಕೊಂಡಿತ್ತು. ಹತ್ತರಲ್ಲೂ ಇದೇ ಕಥೆ. ನೆಟ್ಟಗಿನ ತೂತು ತನ್ನದು, ಅದರಲ್ಲಿ ಅನುಮಾನವೇ ಇಲ್ಲ. ಹಾಗಾದರೆ ವಾರೆ ತೂತು ಯಾರದು? ಅವನು ಮೆಲ್ಲಗೆ ಬಾಮೈದನ ದಪ್ಪ ಬೆರಳುಗಳತ್ತ ನೋಡಿದ. ಶನಿವಾರ ಸಂಜೆ ಅಕ್ಕನನ್ನು ನೋಡುವ ನೆಪದಲ್ಲಿ ಮನೆಗೆ ಬರುವವನು ಇವನೇ ತಾನೆ?

ಅಲ್ಲಿಂದ ಅವನ ತಲೆಗೆ ಹುಳ ಹೊಕ್ಕಿತು. ಭಾವ ಸ್ನಾನಕ್ಕೆ ಹೋದಾಗ ಗಾಳ ಕಿತ್ತು ಗುಟ್ಟು ಕಲಿಯುತ್ತಾನೆ, ತನ್ನ ಕೈಯಲ್ಲಿ ಆಗದೆ ಮತ್ತೆ ಹಳೇ ತೂತಿಗೇ ತುರುಕುತ್ತಾನೆ. ಕೇಳಿದ್ದರೆ ಹೇಳಿಕೊಡುತ್ತಿರಲಿಲ್ಲವೇ? ಕಳ್ಳತನಕ್ಕಿಂತ ಕದ್ದುಮುಚ್ಚಿ ಮಾಡಿದ್ದಕ್ಕೆ ಅವನಿಗೆ ಹೆಚ್ಚು ನೋವಾಯಿತು. ಡಬ್ಬಿಗೆ ತಾನೇ ಮಾಡಿದ ಬೀಗ ಜಡಿದ. ಮುಂದಿನ ವಾರ ಬೀಗದ ಮೇಲೆ ಒಂದು ಗೀರೂ ಇರಲಿಲ್ಲ, ಹುಳುವಿನಲ್ಲಿ ಮಾತ್ರ ಎರಡೆರಡು ತೂತು. ಅದರ ಮುಂದಿನ ವಾರ, ಮುಟ್ಟಿದವರ ಬೆರಳಿಗೆ ಅಂಟಲಿ ಎಂದು, ಬೀಗಕ್ಕೆ ಹಾಕುವ ಕರಿಪುಡಿಯನ್ನು ಡಬ್ಬಿಯ ಸುತ್ತ ಸವರಿದ. ಬೆಳಿಗ್ಗೆ ಬಾಮೈದನ ಬೆರಳು ಬೆಳ್ಳಗಿದ್ದವು. ಚೆನ್ನಾಗಿಯೇ ತೊಳೆದುಕೊಂಡಿದ್ದಾನೆ ಅಂದುಕೊಂಡ. ಅಂಗಡಿಯ ಕೀಲಿಕೈ ಮಿಷನ್ನಿನ ಮುಂದೆ ಕೂತು ದಿನವೂ ಕೀಲಿಕೈ ಉಜ್ಜುವ ಹೆಂಡತಿಯ ಕೈ ಯಾವಾಗಲೂ ಕಪ್ಪೇ. ಅದನ್ನು ಯಾರು ನೋಡುತ್ತಾರೆ?

ನಾಲ್ಕನೇ ಭಾನುವಾರ ದಡದಲ್ಲಿ ತಡೆಯಲಾಗಲಿಲ್ಲ.

"ನನ್ನ ಡಬ್ಬಿಗೆ ಯಾಕೋ ಕೈ ಹಾಕ್ತೀಯ?"

ಬಾಮೈದ ಗಾಳದ ಕೋಲು ಕೆಳಗಿಟ್ಟ.

"ಹದಿನೆಂಟು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡಿದ್ದಕ್ಕೆ ಚೆನ್ನಾಗೇ ಮಾಡ್ದೆ. ಇವತ್ತೇ ಕೊನೆ. ಇನ್ಮೇಲೆ ನೀನೊಂದು ದಡ, ನಾನೊಂದು ದಡ."

ಬಾಮೈದ ಹೊಸ ಹುಳುವೊಂದನ್ನು ಚೀಲದಿಂದ ತೆಗೆದು ಭಾವನ ಅಂಗೈಯಲ್ಲಿಟ್ಟ.

"ದಡ ಆಮೇಲೆ ಹಂಚ್ಕೊಳೋಣ ಭಾವ. ಮೊದ್ಲು ಇದನ್ನ ನನ್ನೆದ್ರಿಗೆ ಪೋಣಿಸು."

ಬೀಗದಣ್ಣ ಸಿಟ್ಟಿನಲ್ಲೇ ಪೋಣಿಸಿದ. ದಾರಕ್ಕೆ ಕಟ್ಟಿ ದಡದ ತಿಳಿನೀರಿನಲ್ಲಿ ಎಳೆದ. ಹುಳು ಬುಗುರಿಯ ಹಾಗೆ ಸುತ್ತಿತು. ಗಾಳಿ ಅಂದುಕೊಂಡ. ಇನ್ನೊಂದು ಪೋಣಿಸಿದ, ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ. ಅದೂ ಸುತ್ತಿತು. ಬಾಮೈದ ಡಬ್ಬಿಯಿಂದ ಒಂದು ಹುಳು ತೆಗೆದು ಕಟ್ಟಿ ಎಳೆದ. ಅದು ತಣ್ಣಗೆ, ನೆಟ್ಟಗೆ ಈಜಿಕೊಂಡು ಬಂತು.

ಬೀಗದಣ್ಣ ಭೂತಗನ್ನಡಿ ತೆಗೆದು, ಈಗಷ್ಟೇ ಪೋಣಿಸಿದ ಎರಡನ್ನೂ ನೋಡಿದ. ವಾರೆ ತೂತು. ಮೂರು ವಾರದಿಂದ ಅವನು ಹುಡುಕುತ್ತಿದ್ದ ಕಳ್ಳನದೇ.

"ಹಾಗಾದ್ರೆ ನೆಟ್ಟಗಿರೋದು ಯಾರ್ದು?"

"ಅಕ್ಕನ್ನ ಕೇಳು," ಅಂದ ಬಾಮೈದ. "ನಾನು ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

ಮನೆಗೆ ಬಂದಾಗ ಅವಳು ಮಿಷನ್ನಿನ ಮುಂದೆ ಕೂತಿದ್ದಳು. ಮಿಷನ್ನಿನ ಇಕ್ಕಳದಲ್ಲಿ ಅವನು ನಿನ್ನೆ ಮಾಡಿಟ್ಟಿದ್ದ ಕೀಲಿಕೈ, ಅವಳ ಕೈಯಲ್ಲಿ ಅರ.

"ಡಬ್ಬಿ ನೀನು ತೆಗೀತಿದ್ಯಾ?"

ಅವಳು ಅರ ಕೆಳಗಿಟ್ಟಳು. "ಹೂಂ ರೀ. ಬರಿಗೈಲಿ ಬಂದು ಮುಖ ಸಣ್ಣ ಮಾಡ್ಕೊಂಡು ಕೂರ್ತಿದ್ರಿ. ನೋಡಕ್ಕಾಗ್ಲಿಲ್ಲ."

"ಎಷ್ಟು ದಿನದಿಂದ?"

"ಹುಳು ಮೂರು ತಿಂಗಳಿಂದ."

ಅವನ ಕಣ್ಣು ಇಕ್ಕಳದಲ್ಲಿದ್ದ ಕೀಲಿಕೈಗೆ ಹೋಯಿತು. ಜಗತ್ತನ್ನೆಲ್ಲ ಅನುಮಾನದಿಂದ ನೋಡಿದವನಿಗೆ ಮುಂದಿನ ಪ್ರಶ್ನೆ ಕೇಳಲು ಭಯವಾಯಿತು. ಆದರೂ ಕೇಳಿದ.

"ಇದು?"

"ಇದು ಒಂದು ವರ್ಷ ಆಯ್ತು," ಅಂದಳು. "ನೀವು ಮಾಡಿದ್ದನ್ನ ತಿದ್ದಿ ಕೊಡ್ತಿದೀನಿ, ಒಂದೂ ವಾಪಸ್ ಬರೋಕೆ ಬಿಟ್ಟಿಲ್ಲ."

ಅವನು ಸ್ಟೂಲಿನ ಮೇಲೆ ಕೂತ. ತನ್ನ ಕೈ ನೋಡಿಕೊಂಡ. ಹೊರನೋಟಕ್ಕೆ ಮೊದಲಿನ ಹಾಗೇ ಇದ್ದವು.

ಅಷ್ಟರಲ್ಲಿ ಎದುರುಮನೆಯ ಟೀಚರ್ ಅಂಗಡಿಯ ಬಾಗಿಲಿಗೆ ಬಂದು ಒಂದು ಕೀಲಿಕೈ ಚಾಚಿದರು. "ಇದರ ಥರಾನೇ ಇನ್ನೊಂದು ಬೇಕಿತ್ತು. ನೀವೇ ಮಾಡ್ಕೊಡಿ ಅಣ್ಣ. ನಿಮ್ಮ ಕೈಯಲ್ಲಾದದ್ದು ಒಂದು ಸಲಾನೂ ಕೈಕೊಟ್ಟಿಲ್ಲ."

ಹೆಂಡತಿ ತಲೆ ತಗ್ಗಿಸಿ ಅರದ ಪುಡಿ ಒರೆಸತೊಡಗಿದಳು. ಬೀಗದಣ್ಣ ಕೀಲಿಕೈ ತೆಗೆದುಕೊಂಡು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಅವಳ ಕಪ್ಪು ಅಂಗೈಯಲ್ಲಿಟ್ಟ.

"ಇವಳು ಮಾಡ್ತಾಳೆ, ಕೂತ್ಕೊಳ್ಳಿ," ಅಂದ. "ಒಂದು ವರ್ಷದಿಂದ ಎಲ್ಲಾನೂ ಇವಳೇ ಮಾಡಿರೋದು."