ನಾಲ್ಕು ಕಾಟಾಕ್ಕೆ ಒಂದೇ ಗಂಟೆ

ನಮ್ಮ ಬಳ್ಳಾರಿಯ ಕಂಪ್ಯೂಟರ್ ಅಂಗಡಿಯಲ್ಲಿ ನಾಲ್ಕು ಚಾನೆಲ್ಲಿನ ಕಾರ್ಡು, ಅಂದರೆ ನಾಲ್ಕು ಯಂತ್ರಗಳ ತಂತಿಯನ್ನು ಒಂದೇ ಕಂಪ್ಯೂಟರಿಗೆ ಸೇರಿಸುವ ಕಾರ್ಡು, ಬಜಾರಿಗಿಂತ ತುಸು ತುಟ್ಟಿ. ಇವತ್ತೂ ಕುರುಗೋಡಿನ ಗಿರಾಕಿಯೊಬ್ಬರು ಚೌಕಾಸಿಗೆ ಕೂತರು. ಚೌಕಾಸಿ ಎಂದರೆ ನನಗೂ ಹಬ್ಬವೇ, ಆದರೆ ಇದೊಂದರಲ್ಲಿ ಇಳಿಯುವುದಿಲ್ಲ. ಪಾರ್ವತಿನಗರದ ಲಿನಕ್ಸ್ ಇಂಜಿನಿಯರ್ ರಜಿಯಾ ಅಕ್ಕ ಈಗ ಪ್ರತಿ ಕಾರ್ಡನ್ನೂ ಪರೀಕ್ಷಿಸಿ ಕೊಡುತ್ತಾರೆ. ಆ ದುಡಿಮೆಯ ಬೆಲೆ ಅದು.

ಅವರ ದೊಡ್ಡಸ್ತಿಕೆ ತಿಳಿಯಬೇಕಾದರೆ ನನ್ನ ಜೊತೆ ಸಿರುಗುಪ್ಪಕ್ಕೆ ಬನ್ನಿ. ಅಕ್ಕನ ಈ ಪರೀಕ್ಷೆ ಶುರುವಾಗುವ ಮೊದಲು ಅಲ್ಲಿನ ಒಂದು ರೈಸ್ ಮಿಲ್ಲಿಗೆ ನಾನು ಲಿನಕ್ಸ್ ಕಂಪ್ಯೂಟರು ಕೂರಿಸಿದ್ದೆ. ನಾಲ್ಕು ತೂಕದ ಕಾಟಾ, ನಾಲ್ಕರ ತಂತಿಯೂ ಒಂದೇ ಕಾರ್ಡಿಗೆ. ಮುಳ್ಳು ನಿಂತಂತೆ ತೂಕ ಸ್ಥಿರವಾದೊಡನೆ ಅಂಕಿ ಪರದೆಗೆ ಬರಬೇಕು. ಅಂಗಡಿಯಲ್ಲಿ ಚೊಕ್ಕ ನಡೆದದ್ದು ಮಿಲ್ಲಿನಲ್ಲಿ ಆಗಾಗ ನಾಲ್ಕೂ ಒಟ್ಟಿಗೆ ಸ್ತಬ್ಧ, ಕಂಪ್ಯೂಟರು ಆರಿಸಿ ಹಚ್ಚಿದರಷ್ಟೇ ಮತ್ತೆ ಚಾಲೂ. ಕಾರ್ಡು ಬದಲಿಸಿದೆ, ತಂತಿ ಬದಲಿಸಿದೆ, ಉಳಿದದ್ದು ಕರೆಂಟು, ಅದನ್ನೂ ಬೈದೆ.

"ಏನಪಾ, ನಿನ್ನ ಪೆಟ್ಟಿಗಿಗೆ ನಮ್ಮ ನೆಲ್ಲು ಸೇರವಲ್ದೇನು?" ಎಂದರು ಮಿಲ್ಲಿನ ಸಾವ್ಕಾರರು. "ಸಂಜಿ ಒಳಗ ಸರಿ ಆಗಲಿಲ್ಲಂದ್ರ ಹೊತ್ಕೊಂಡು ಹೋಗು. ಉಳಿದ ಮಿಲ್ಲಿನವ್ರಿಗೂ ಹೇಳ್ತೀನಿ." ಹೇಳಿದರೆ ಆ ಊರಲ್ಲಿ ನನ್ನ ವ್ಯಾಪಾರ ಮುಗಿದಂತೆ.

ಫೋನು ಮಾಡಿದ್ದಕ್ಕೆ ರಜಿಯಾ ಅಕ್ಕ ಬಸ್ಸಿಗೆ ಬಂದರು. ಕಂಪ್ಯೂಟರು ಮುಟ್ಟಲಿಲ್ಲ, ಹಮಾಲರನ್ನು ನೋಡುತ್ತ ನಿಂತರು. ಅವರು ಚೀಲ ಹಾಕುವುದೇ ಜೋಡಿಯಲ್ಲಿ. "ಹೋ" ಎಂದರೆ ಎರಡು ಕಾಟಾದ ಮೇಲೆ ಎರಡು ಚೀಲ, ಒಂದೇ ಕ್ಷಣ.

"ಅಂಗಡ್ಯಾಗ ಹಿಂಗ ಜೋಡಿ ಇಟ್ಟು ನೋಡಿದ್ಯೇನು?"

"ಇಲ್ಲಕ್ಕಾ, ಒಂದೊಂದ..."

"ಒಬ್ಬೊಬ್ರನ್ನ ಕೇಳಿದ್ರ ಎಲ್ಲಾರೂ ಶಾಣ್ಯಾರ ಇರ್ತಾರ ಬಿಡು."

ಆಮೇಲೆ ಪರದೆಯ ಮೇಲೆ ಇಂಟರಪ್ಟುಗಳ ಲೆಕ್ಕ ತೆರೆದರು. ಇಂಟರಪ್ಟ್ ಎಂದರೆ "ಅಂಕಿ ಬಂದೈತಿ, ತಗೋ" ಎಂದು ಕಾರ್ಡು ಬಾರಿಸುವ ಗಂಟೆ. ಚೀಲ ಬಿದ್ದಂತೆ ಲೆಕ್ಕ ಏರುತ್ತಿತ್ತು. ಒಂದು ಜೋಡಿ ಸರಿಯಾಗಿ ಕೂಡಿ ಬಿತ್ತು ನೋಡಿ, ಲೆಕ್ಕ ನಿಂತೇಹೋಯಿತು!

ನಾಲ್ಕು ಚಾನೆಲ್ಲಿಗೆ ಗಂಟೆ ಒಂದೇ. ಗಂಟೆ ಕೇಳಿ ಡ್ರೈವರು, ಅಂದರೆ ಕಾರ್ಡನ್ನು ನೋಡಿಕೊಳ್ಳುವ ಪ್ರೋಗ್ರಾಮು, ಬಂದು ಒಂದು ಚಾನೆಲ್ಲಿನ ಅಂಕಿ ತೆಗೆದುಕೊಂಡು ಹೊರಟುಬಿಡುತ್ತಿತ್ತು. ಎರಡನೆಯದು ಗಂಟೆಯ ಗುಂಡಿ ಒತ್ತಿಹಿಡಿದೇ ನಿಂತಿದೆ. ಹಿಡಿದ ಗುಂಡಿ ಮತ್ತೆ ಬಾರಿಸುವುದಿಲ್ಲ, ಹೊಸದಾಗಿ ಬಾರಿಸದೆ ಡ್ರೈವರು ಬರುವುದಿಲ್ಲ. ಉಳಿದೆರಡಕ್ಕೂ ದಾರಿ ಬಂದ್.

ಅಕ್ಕ ಡ್ರೈವರಿನಲ್ಲಿ ಕೆಲವೇ ಸಾಲು ತಿದ್ದಿದರು: ಒಂದನ್ನು ನೋಡಿ ಹೋಗಬೇಡ, ನಾಲ್ಕೂ ಸುಮ್ಮನಾಗುವ ತನಕ ಸುತ್ತು. ಕೆಟ್ಟ ಕಾರ್ಡು ಸಿಕ್ಕರೆ ಸುತ್ತುತ್ತಲೇ ಕೂರಬಾರದೆಂದು ಸುತ್ತಿಗೊಂದು ಮಿತಿಯನ್ನೂ ಇಟ್ಟರು. ಎಂಥ ತಲೆ!

ಹೊತ್ತು ಮುಳುಗುವವರೆಗೆ ಜೋಡಿ ಚೀಲ ಬಿದ್ದವು, ಅಂಕಿ ತಪ್ಪಲಿಲ್ಲ. "ಚಾ ಕುಡೀರಿ ಅಕ್ಕಾರ," ಎಂದ ಸಾವ್ಕಾರರು ನನ್ನತ್ತ ತಿರುಗಿ, "ನೀನೂ ಕುಡಿಯೋ. ಪೆಟ್ಟಿಗಿ ಇಲ್ಲೇ ಇರಲಿ," ಎಂದರು.

ನೀವೂ ಇಂಥ ಕಾರ್ಡು ಕೊಳ್ಳುವವರಾದರೆ ಎಲ್ಲ ಚಾನೆಲ್ಲನ್ನೂ ಒಟ್ಟಿಗೇ ದುಡಿಸಿ ನೋಡಿ. ನಿಂತರೆ, ಸ್ಕ್ರೂ ಬಿಚ್ಚುವ ಮೊದಲು ಇಂಟರಪ್ಟಿನ ಲೆಕ್ಕ ನೋಡಿ. ಅದಕ್ಕೂ ಮೊದಲು, ಕೆಲಸ ಮಾಡುವವರು ಹೇಗೆ ಮಾಡುತ್ತಾರೆಂದು ಬಾಯಿ ಮುಚ್ಚಿ ನಿಂತು ನೋಡಿ. ನಾನೀಗ ನಿಂತು ನೋಡುತ್ತೇನೆ. ಬಾಯಿಯದೊಂದೇ ಇನ್ನೂ ಅಭ್ಯಾಸವಾಗಬೇಕು.