ಚಿಕ್ಕಿಯ ಬೆಂಚಿನ ಮೇಲೆ ಕೂತ ಅಭ್ಯರ್ಥಿಗಳು

ಮುರುಗಲು ಹಣ್ಣಿನ ಸಿಪ್ಪೆಗೆ ಸಕ್ಕರೆ ಬೆರೆಸಿಟ್ಟ ಭರಣಿಯ ಮುಚ್ಚಳ ತೆಗೆದಿದ್ದೆನಷ್ಟೆ, ಕಾರವಾರದ ಹಬ್ಬುವಾಡದ ನಮ್ಮ ರಸ್ತೆಯ ತಿರುವಿನಲ್ಲಿ ಪ್ರಚಾರದ ರಿಕ್ಷಾ ಕೂಗತೊಡಗಿತು. ಮೂಗಿಗೆ ಹುಳಿಸಿಹಿ ವಾಸನೆ, ಕಿವಿಗೆ 'ನಿಮ್ಮ ಅಮೂಲ್ಯ ಮತ'. ಇವೆರಡೂ ಒಟ್ಟಿಗೆ ಬಂದರೆ ನನಗೆ ಹಟ್ಟಿಕೇರಿಯ ನಮ್ಮ ಚಿಕ್ಕಿ ನೆನಪಾಗದೆ ಇರುವುದಿಲ್ಲ. ನೀವು ಅವಳನ್ನು ನೋಡಿಲ್ಲ. ನೋಡಿದ್ದು ವೋಟು ಕೇಳಲು ಹೋದಾಗಲೇ ಆಗಿದ್ದರೆ, ಇವತ್ತಿಗೂ ಮರೆಯುತ್ತಿರಲಿಲ್ಲ ಬಿಡಿ.

ನಿಜ ಹೇಳಬೇಕೆಂದರೆ ಅವತ್ತು ಬೆಳಿಗ್ಗೆಯಿಂದಲೇ ಅವಳ ನೆನಪು ಸುಳಿಯುತ್ತಿತ್ತು. ನಮ್ಮ ಮನೆಗೆಲಸಕ್ಕೆ ಬರುವ ಸಾವಿತ್ರಿಯದೂ ಹಟ್ಟಿಕೇರಿಯೇ. ಪಾತ್ರೆ ತಿಕ್ಕುತ್ತ ಹೇಳಿದಳು: "ಟಿಕೀಟು ಪುಕ್ಕಟೆ ಆಯ್ತು ಅಕ್ಕೋರೆ, ಬಸ್ಸೇ ಇಲ್ಲ! ಸಂಜಿ ಬಸ್ಸು ನಿಲ್ಸಿದ ಮೇಲೆ ಮಗಳು ಮನೆ ಮುಟ್ಟೂದ್ರೊಳಗೆ ಕತ್ಲಾಗ್ತದೆ. ಕಾಲೇಜು ಸಾಕು ಅಂತಾರೆ ನಮ್ಮನೆಯವ್ರು." ವರ್ಷಗಟ್ಟಲೆ ಶಾಲೆಯಲ್ಲಿ ಶಾಸಕಾಂಗ, ಕಾರ್ಯಾಂಗ ಎಂದು ಪಾಠ ಹೇಳಿ ನಿವೃತ್ತಳಾದವಳು ನಾನು. ಅಷ್ಟೆಲ್ಲ ವಿದ್ಯೆಯಿಂದ ಹೊರಟಿದ್ದು 'ಛೇ, ಛೇ' ಎಂಬ ಉದ್ಗಾರ ಮಾತ್ರ.

ಅದೇ ಊರು, ಅದೇ ಸಂಜೆ ಬಸ್ಸು. ನನ್ನ ಕಾಲದಲ್ಲೂ ಒಮ್ಮೆ ಅದನ್ನು ನಿಲ್ಲಿಸಿದ್ದರು. ನಾನಾಗ ಕಾರವಾರದಲ್ಲಿ ಕಾಲೇಜು ಓದುತ್ತಿದ್ದೆ. ಎಕ್ಸ್‌ಪ್ರೆಸ್ ಬಸ್ಸುಗಳು ನಮ್ಮೂರಿನ ಮುಖಕ್ಕೆ ಧೂಳು ಹಾರಿಸಿ ಹೋಗುತ್ತಿದ್ದವೇ ಹೊರತು ನಿಲ್ಲುತ್ತಿರಲಿಲ್ಲ. ಅಂಕೋಲೆಯವರೆಗೆ ಹೋಗಿ ಇಳಿದು, ಮತ್ತೇನಾದರೂ ಸಿಕ್ಕರೆ ಹತ್ತಿ ಹಿಂದಕ್ಕೆ ಬರಬೇಕು. ಅಪ್ಪ ಒಳ್ಳೆಯವರು, ಆದರೆ ಪುಕ್ಕಲು. "ರಜೆ ಮುಗಿಯೂದ್ರೊಳಗೆ ಬಸ್ಸು ಬರದಿದ್ರೆ ಕಾಲೇಜು ಸಾಕು" ಎಂದುಬಿಟ್ಟರು. ನಾನು ಎರಡು ದಿನ ಊಟ ಬಿಟ್ಟು ಅತ್ತೆ. ಚಿಕ್ಕಪ್ಪನ ಹೆಂಡತಿಯಾದ ಈ ಚಿಕ್ಕಿ ಮಾತ್ರ ನನ್ನನ್ನು ಸಮಾಧಾನ ಮಾಡುವ ಗೋಜಿಗೇ ಹೋಗಲಿಲ್ಲ. ಜಗಲಿಯ ಬೆಂಚಿನ ಮೇಲೆ ಪೇರಿಸಿದ್ದ ಭತ್ತದ ಚೀಲಗಳನ್ನು ಇಳಿಸಿ, ಬೆಂಚು ಒರೆಸಿ, ಅಂಗಳಕ್ಕೆ ಮುಖ ಮಾಡಿ ಹಾಕಿದಳು. ವಿಧಾನಸಭೆ ಚುನಾವಣೆ ಬಂದಿತ್ತು.

ವೋಟು ಕೇಳಲು ಬಂದವರು ಅಂಗಳದಲ್ಲೇ ಕೈ ಮುಗಿದು ಜಾರಿಕೊಳ್ಳುವ ಹಾಗಿರಲಿಲ್ಲ. ಬೆಂಚಿನ ಮೇಲೆ ಕೂರಬೇಕು, ಮುರುಗಲು ಪಾನಕ ಕುಡಿಯಬೇಕು, ಕೇಳಿದ್ದಕ್ಕೆ ಉತ್ತರಿಸಬೇಕು. ಉತ್ತರ ಸರಿಬಾರದಿದ್ದರೆ ಚಿಕ್ಕಿ ಮಾತಿಲ್ಲದೆ ಲೋಟವನ್ನು ಮತ್ತೆ ತುಂಬಿಬಿಡುತ್ತಿದ್ದಳು. ತುಂಬಿದ ಲೋಟ ಬಿಟ್ಟು ಎದ್ದು ಹೋಗುವ ಧೈರ್ಯ ನಮ್ಮ ಕಡೆ ಯಾವ ಅಭ್ಯರ್ಥಿಗಿದೆ ಹೇಳಿ? ಪ್ರಜಾಪ್ರಭುತ್ವದ ಮೇಲೆ ಮಾತಾಡಿ ಕಾಲೇಜಿನಲ್ಲಿ ಬಹುಮಾನ ಹೊಡೆದಿದ್ದ ನಾನು ಬಾಗಿಲ ಹಿಂದೆ ನಿಂತು ನಾಚಿಕೆಯಿಂದ ಸಾಯುತ್ತಿದ್ದೆ.

ಮೊದಲು ಬಂದವರು ಬಿಳಿ ಕಾರಿನವರು. "ನಮ್ಮ ಜಿಲ್ಲೆ ನೀರು, ನಮ್ಮ ಜಿಲ್ಲೆ ಕರೆಂಟು, ಬೆಳಕು ಮಾತ್ರ ಬೇರೆಯವರಿಗೆ! ನಾನು ಬಂದರೆ ಇಪ್ಪತ್ನಾಲ್ಕು ತಾಸು..." ಎನ್ನುವಷ್ಟರಲ್ಲಿ ಫ್ಯಾನು ನಿಂತಿತು. ಕಥೆಗೆಂದು ಸೇರಿಸಿದ್ದಲ್ಲ ಮಾರಾಯ್ರೆ, ದಿನಾ ಕರೆಂಟು ಹೋಗುವ ಹೊತ್ತೇ ಅದು. ಚಿಕ್ಕಿ ಬೀಸಣಿಗೆ ಕೊಟ್ಟು, "ಬಸ್ಸಿನ ಸುದ್ದಿ ಹೇಳ್ರಾ" ಎಂದಳು. ಅವರು ಬಜೆಟ್ಟಿಗೆ ಹಾರಿದರು. ಕರಾವಳಿಗೆ ಅಷ್ಟು ಕೋಟಿ, ಬಂದರಿಗೆ ಇಷ್ಟು ಕೋಟಿ.

"ಕೋಟಿ ಎಲ್ಲ ನಂಗೆ ತಿಳಿಯೂದಿಲ್ಲ. ಅದ್ರೊಳಗೆ ಒಬ್ಬ ಡ್ರೈವರನ ಪಗಾರ ಅದ್ಯಾ?"

"ಅದು... ನೋಡ್ವಾ ಅಮ್ಮಾ."

ಲೋಟ ತುಂಬಿತು.

ಎರಡನೆಯವರ ಗಂಟಲು ದೊಡ್ಡದು. ಬೋಟಿಗೂ ರಸ್ತೆ ಕೆಲಸಕ್ಕೂ ಎಲ್ಲೆಲ್ಲಿಂದಲೋ ಜನ ಬಂದು ತುಂಬುತ್ತಿದ್ದಾರೆ, ಗೆದ್ದರೆ ಒಬ್ಬೊಬ್ಬರನ್ನೂ ವಾಪಸು ಕಳಿಸುತ್ತೇನೆ ಎಂದರು. ಚಿಕ್ಕಿಗೆ ಸಿಟ್ಟು ಬಂದರೆ ದನಿ ತಗ್ಗುತ್ತಿತ್ತು. "ನಾನೂ ಈ ಊರಿಗೆ ಹೊರಗಿನವಳೇ. ಸುಂಕಸಾಳದಿಂದ ಮದಿವಿ ಆಗಿ ಬಂದೆ. ಘಟ್ಟದ ಬುಡದವಳು, ಮೀನು ಕೊಯ್ಯೂಕೂ ಬರೂದಿಲ್ಲ ಅಂತ ಇಲ್ಲಿಯವರು ನಕ್ಕಿದ್ರು. ಆಮೇಲೆ ನಾ ನೆಟ್ಟ ಗದ್ದೆದೇ ಅನ್ನ ಉಂಡ್ರು. ನನ್ನನ್ನೂ ಕಳಿಸ್ತ್ರಾ?" ಅವಳು ಉತ್ತರಕ್ಕೆ ಕಾಯಲಿಲ್ಲ. "ಬರೂ ಜನರ ಸುದ್ದಿ ಬಿಡಿ, ಬರದೇ ಇರೂ ಬಸ್ಸಿನ ಸುದ್ದಿ ಹೇಳಿ" ಎಂದು ಲೋಟ ತುಂಬಿದಳು. ಬಾಗಿಲ ಹಿಂದೆ ನಾನು ಮೊದಲ ಬಾರಿಗೆ ನಾಚಿಕೆ ಮರೆತು ನಕ್ಕೆ.

ಮೂರನೆಯವನು ಪಕ್ಷೇತರ. ಹೊಲಿಗೆ ಯಂತ್ರದ ಗುರುತು, ಹಿಂದೆ ಮುಂದೆ ಯಾರೂ ಇಲ್ಲ, ಬಂದಿದ್ದು ಸೈಕಲ್ಲಿನಲ್ಲಿ. ಪಾನಕ ರುಚಿಯಾಗಿದೆ ಎಂದು ಇನ್ನೊಂದು ಲೋಟ ತಾನೇ ಕೇಳಿದ. ಕರೆಂಟಿನ ವಿಷಯ ತನಗೆ ಪೂರ್ತಿ ತಿಳಿಯದು ಎಂದ, ಬಜೆಟ್ಟೂ ಅಷ್ಟಕ್ಕಷ್ಟೇ. "ಬಸ್ಸಿಂದು ಮಾತ್ರ ಗೊತ್ತದೆ. ಡಿಪೋಕ್ಕೆ ಹೋಗಿ ಕೇಳ್ಬೇಕು. ಯಾವಾಗ ಹೋಗೂದು ಹೇಳಿ, ಬರ್ತೆ."

ಚಿಕ್ಕಿ ಅವನಿಗೇ ವೋಟು ಹಾಕಿದಳು. ಅವನು ಠೇವಣಿ ಕಳೆದುಕೊಂಡ. ನನ್ನ ಕಾಲೇಜೂ ಮುಗಿಯಿತು ಅಂದುಕೊಂಡೆ. ಆದರೆ ಎಣಿಕೆ ಮುಗಿದ ವಾರದೊಳಗೆ ಅದೇ ಸೈಕಲ್ಲು ನಮ್ಮ ಅಂಗಳಕ್ಕೆ ಬಂತು. "ಸೋತೆ ಅಮ್ಮಾ. ಡಿಪೋಕ್ಕೆ ಹೋಗ್ವಾ?"

ನನ್ನನ್ನೂ ಎಳೆದುಕೊಂಡು ಹೋದರು. ಡಿಪೋದ ಸಾಹೇಬರು ಸಭ್ಯರು. ಆ ಬಸ್ಸಿಗೆ ಕಲೆಕ್ಷನ್ನೇ ಇಲ್ಲ, ಏನು ಮಾಡೋಣ ಎಂದರು. ಚಿಕ್ಕಿ ಕೂತಲ್ಲಿಂದ ಅಲುಗಾಡಲಿಲ್ಲ. "ಹೊತ್ತಿಗೆ ಬಂದಿದ್ರೆ ಜನ ಹತ್ತದೆ ಇರ್ತಿದ್ರಾ? ಈಗ ಸಂಜಿಗೆ ತಿರುಗಿ ಬರೂಕೆ ಗತಿ ಇಲ್ಲ ಅಂತ ಬೆಳಗ್ಗೆ ಪ್ಯಾಟಿಗೆ ಹೋಗೋರೂ ಹೋಗೂದಿಲ್ಲ. ನಿಮ್ಮ ಬೆಳಗಿನ ಕಲೆಕ್ಷನ್ನೂ ಹೋಯ್ತಲ್ರಾ!" ಪಕ್ಷೇತರ ಪ್ರತಿ ಮಾತಿಗೂ "ಹೌದು ಹೌದು" ಎನ್ನುತ್ತಿದ್ದ. ಅಷ್ಟೇ ಅವನು ಮಾಡಿದ್ದು, ಆದರೆ ಅದೇನು ಕಡಿಮೆಯೇ? ಸಾಹೇಬರು ಒಂದು ತಿಂಗಳ ಮಟ್ಟಿಗೆ ಬಿಟ್ಟು ನೋಡುತ್ತೇವೆ ಎಂದರು. ಆ ಒಂದು ತಿಂಗಳ ಬಸ್ಸಿನಲ್ಲೇ ನಾನು ಡಿಗ್ರಿ ಮುಗಿಸಿದೆ.

ಅವತ್ತು ಡಿಪೋದಿಂದ ಹಿಂದಿರುಗುವಾಗ ನಾನು ಕೇಳಿದ್ದೆ, "ಅವ್ರು ಬರದೇ ಇದ್ದಿದ್ರೆ ಚಿಕ್ಕಿ?"

"ನಾ ಹೋಗ್ತಿದ್ನಲೇ ಮಗಾ. ವೋಟು ಹಾಕೂದು ಒಂದಿನದ ಕೆಲಸ. ನಿಂಗೆ ಬಸ್ಸು ದಿನಾ ಬೇಕಲ್ಲ?"

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಪ್ರಚಾರದ ರಿಕ್ಷಾ ನಮ್ಮ ಗೇಟಿಗೇ ಬಂದು ನಿಂತಿತು. ಇಳಿದವಳು ಮೊದಲ ಸಲ ಚುನಾವಣೆಗೆ ನಿಂತ ಹುಡುಗಿ, ಜೊತೆಗೆ ಅವಸರದ ನಾಲ್ಕಾರು ಮಂದಿ. ಅವಳು ಕೈ ಮುಗಿಯುವ ಮೊದಲೇ ಕುರ್ಚಿ ಎಳೆದೆ. "ಕೂತ್ಕೋ ತಂಗಿ." ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಹುಡುಗಿ ಚುರುಕು. ಮನೆ ಮೇಲೆ ಸೋಲಾರ್, ಬಜೆಟ್ಟಿನಲ್ಲಿ ಹೊಸ ಬಸ್ಸುಗಳಿಗೆ ದುಡ್ಡು, ಬೋಟಿನ ಕೆಲಸಕ್ಕೆ ಹೊರಗಿನಿಂದ ಬಂದವರ ಮಕ್ಕಳಿಗೂ ಶಾಲೆ. ಎಲ್ಲಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಹಟ್ಟಿಕೇರಿಯ ಸಂಜೆ ಬಸ್ಸು ಕೇಳಿದೆ. "ಗೆದ್ದ ಕೂಡ್ಲೇ ಮಾಡಿಸ್ತೆ ಅಕ್ಕೋರೆ."

ಅವಳ ಪಾನಕದ ಲೋಟವನ್ನು ಮತ್ತೆ ತುಂಬಿದೆ. "ಸೋತ್ರೆ?"

"ಅಪಶಕುನ ಆಡ್ಬೇಡಿ" ಎಂದ ಜೊತೆಯವನೊಬ್ಬ.

"ಸೋತವಳ ಮಾತು ಡಿಪೋದಲ್ಲಿ ಯಾರು ಕೇಳ್ತಾರೆ?" ಎಂದಳು ಹುಡುಗಿ, ಮೆಲ್ಲಗೆ.

"ನಮ್ಮ ಚಿಕ್ಕಿ ಚುನಾವಣೆಗೆ ನಿಂತೇ ಇರಲಿಲ್ಲ, ಅವಳ ಮಾತು ಕೇಳಿದ್ರು. ನೀನು ಗೆಲ್ಲು, ಸೋಲು. ನಾನು ಈ ಸೋಮವಾರವೇ ಹೋಗ್ತೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಸಾವಿತ್ರಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ನಾನೂ ಬರ್ತೆ ಅಕ್ಕೋರೆ. ಮಗಳನ್ನೂ ಕರ್ಕಂಡು ಬರ್ತೆ."

ಹುಡುಗಿ ಒಮ್ಮೆ ಸಾವಿತ್ರಿಯನ್ನು ನೋಡಿದಳು. ಗಡಿಯಾರ ತೋರಿಸುತ್ತಿದ್ದ ಜೊತೆಯವನ ಕಡೆ ತಿರುಗಲಿಲ್ಲ. ಲೋಟವನ್ನು ಪೂರ್ತಿ ಕುಡಿದು ಕೆಳಗಿಟ್ಟಳು.

"ಸೋಮವಾರ ಎಷ್ಟು ಗಂಟೆಗೆ ಅಕ್ಕೋರೆ?"

"ಹತ್ತಕ್ಕೆ" ಎಂದೆ. ಭರಣಿಯ ಮುಚ್ಚಳ ಹಾಕಿದೆ.